ಕೆರೆ ನೀರು ‘ಡಿ’ ದರ್ಜೆಯಲ್ಲಿದ್ದರೂ ಮೀನು ಸಾಯುವುದೇಕೆ?

ಬೇಸಿಗೆಯ ಕೊನೆಗೆ ಬೆಂಗಳೂರಿನ ಕೆರೆಗಳ ಬಗ್ಗೆ ಎರಡು ಸುದ್ದಿಗಳು ಬೆನ್ನುಬೆನ್ನಿಗೆ ಬರುತ್ತವೆ. ಒಂದು, ಬೆಳಗಾಗುವಷ್ಟರಲ್ಲಿ ಕೆರೆಯಂಚಿನ ತುಂಬ ಸತ್ತ ಮೀನು ತೇಲುತ್ತಿದ್ದವು ಅನ್ನುವುದು. ಇನ್ನೊಂದು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ತಿಂಗಳ ವರದಿ. ಅದರಲ್ಲಿ ನಗರದ ಬಹುತೇಕ ಕೆರೆಗಳು ‘ಡಿ’ ಅಥವಾ ‘ಇ’ ದರ್ಜೆಯಲ್ಲಿರುತ್ತವೆ. ‘ಡಿ’ ಅಂದರೇನು ಎಂದು ಹುಡುಕಿದರೆ ‘ವನ್ಯಜೀವಿ ಮತ್ತು ಮೀನುಗಾರಿಕೆಗೆ ಯೋಗ್ಯ’ ಎಂಬ ವಿವರಣೆ ಸಿಗುತ್ತದೆ. ಮೀನಿಗೆ ಯೋಗ್ಯ ಎಂದ ನೀರಿನಲ್ಲೇ ಮೀನು ಸಾಯುವುದು ಹೇಗೆ?

ಸುಳ್ಳು ವರದಿ ಕೊಡುತ್ತಿದ್ದಾರೆ ಎಂದು ಕೆಲವರು ಸಿಟ್ಟಾಗುತ್ತಾರೆ. ಯಾರೋ ವಿಷ ಹಾಕಿದ್ದಾರೆ ಎಂದು ಇನ್ನು ಕೆಲವರು ಅನುಮಾನಿಸುತ್ತಾರೆ. ಆದರೆ ವರದಿಯ ಅಂಕಿಗಳೂ ಸರಿಯಿದ್ದು, ಮೀನೂ ಸತ್ತಿರುವುದು ಸಾಧ್ಯವಿದೆ. ಅದು ಹೇಗೆಂದು ಗೊತ್ತಾಗಲು ಎರಡು ವಿಷಯ ತಿಳಿಯಬೇಕು. ಈ ದರ್ಜೆ ಏನನ್ನು ಅಳೆಯುತ್ತದೆ ಎಂಬುದು ಒಂದು. ಆಳವಿಲ್ಲದ ಕೆರೆಯಲ್ಲಿ ಹಗಲು ರಾತ್ರಿ ಏನಾಗುತ್ತದೆ ಎಂಬುದು ಇನ್ನೊಂದು.

ಐದು ದರ್ಜೆ, ಬೇರೆ ಬೇರೆ ಪ್ರಶ್ನೆ

ಎ, ಬಿ, ಸಿ, ಡಿ, ಇ ಎಂಬ ದರ್ಜೆಗಳನ್ನು ಮಾಡಿದ್ದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಈ ನೀರನ್ನು ಯಾವ ಕೆಲಸಕ್ಕೆ ಬಳಸಬಹುದು ಎಂಬ ಪ್ರಶ್ನೆಗೆ ಇವು ಉತ್ತರ. ಸೋಂಕು ನಿವಾರಿಸಿ ಕುಡಿಯಬಹುದಾದದ್ದು ಎ. ಸ್ನಾನಕ್ಕೆ ಬಿ. ಪೂರ್ತಿ ಶುದ್ಧೀಕರಿಸಿ ಕುಡಿಯಬಹುದಾದದ್ದು ಸಿ. ಮೀನು, ವನ್ಯಜೀವಿಗೆ ಡಿ. ನೀರಾವರಿ ಮತ್ತು ಕೈಗಾರಿಕೆಯ ತಂಪುಗೊಳಿಸುವಿಕೆಗೆ ಇ.

ಶಾಲೆಯ ಅಂಕಪಟ್ಟಿಯ ಹಾಗೆ ಇದನ್ನು ಓದಿದರೆ ದಾರಿ ತಪ್ಪುತ್ತೇವೆ. ಒಂದೊಂದು ದರ್ಜೆಯಲ್ಲೂ ನೋಡುವ ಅಂಶಗಳೇ ಬೇರೆ. ‘ಡಿ’ ಸಿಗಲು ಮೂರು ಅಂಶ ಸಾಕು. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ಹೇಳುವ ಪಿಎಚ್ 6.5ರಿಂದ 8.5ರ ಒಳಗಿರಬೇಕು. ಮುಕ್ತ ಅಮೋನಿಯಾ ಲೀಟರಿಗೆ 1.2 ಮಿಲಿಗ್ರಾಂ ದಾಟಬಾರದು. ಅಷ್ಟೇ.

ಈ ಮೂರರಲ್ಲಿ ಬಿಒಡಿ ಇಲ್ಲ ಎಂಬುದನ್ನು ಗಮನಿಸಿ. ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ಕೊಳೆಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ. ನಮ್ಮಲ್ಲಿ ಮಾದರಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ. ಚರಂಡಿ ನೀರು ಸೇರಿದ ಕೆರೆಯಲ್ಲಿ ಬಿಒಡಿ ಏರುತ್ತದೆ. ಸ್ನಾನದ ನೀರಿಗೆ ಇದು 3 ಮಿಲಿಗ್ರಾಂ ದಾಟಬಾರದು ಎಂಬ ಮಿತಿ ಇದೆ. ಮೀನಿನ ನೀರಿಗೆ ಅಂಥ ಮಿತಿಯೇ ಇಲ್ಲ. ಹೀಗಾಗಿ ಬಿಒಡಿ 20 ಇರುವ ಕೆರೆಯೂ, ಮಾದರಿ ತೆಗೆದ ಗಳಿಗೆಯಲ್ಲಿ ಆಮ್ಲಜನಕ 4 ಇದ್ದರೆ, ‘ಡಿ’ ಆಗಬಹುದು.

ಇನ್ನೂ ಒಂದು ಅಂಶ ಈ ಪಟ್ಟಿಯಲ್ಲಿಲ್ಲ, ಅದು ಪಾಚಿಗೆ ಗೊಬ್ಬರವಾಗುವ ರಂಜಕ (ಫಾಸ್ಫರಸ್). ಐದೂ ದರ್ಜೆಗಳಲ್ಲಿ ಎಲ್ಲಿಯೂ ಅದಕ್ಕೆ ಮಿತಿ ಇಟ್ಟಿಲ್ಲ. ಕೆರೆ ಹಸಿರುಗಟ್ಟುವುದಕ್ಕೆ ಮುಖ್ಯ ಕಾರಣವೇ ಅದು.

ಆಳವಿಲ್ಲದ ಕೆರೆಯ ಒಂದು ದಿನ

ಸರಾಸರಿ ಆಳ ಮೂರು ಮೀಟರಿನೊಳಗೆ ಇದ್ದರೆ ಅದನ್ನು ಆಳವಿಲ್ಲದ ಕೆರೆ ಎನ್ನುವುದು ವಾಡಿಕೆ. ಏರಿ ಕಟ್ಟಿ ಮಳೆನೀರು ನಿಲ್ಲಿಸಿದ ನಮ್ಮ ದಕ್ಷಿಣದ ಕೆರೆಗಳು ಹೆಚ್ಚಾಗಿ ಇಂಥವೇ. ಏರಿಯ ಹತ್ತಿರ ಆಳ, ಮೇಲ್ಭಾಗಕ್ಕೆ ಹೋದಂತೆ ಮೊಣಕಾಲುದ್ದ, ಆಮೇಲೆ ಜೊಂಡು, ಆಮೇಲೆ ಹುಲ್ಲು. ಇಂಥ ಕೆರೆ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಗಾಳಿ ಬೀಸಿದರೆ ತಳದ ತನಕ ಕಲಕುತ್ತದೆ.

ಈಗ ಚರಂಡಿ ನೀರಿನ ಗೊಬ್ಬರದಿಂದ ಪಾಚಿ ದಟ್ಟವಾಗಿ ಬೆಳೆದಿರುವ ಒಂದು ಕೆರೆಯನ್ನು ನೆನೆಯಿರಿ. ಬೆಳಿಗ್ಗೆ ಬಿಸಿಲು ಏರಿದಂತೆ ಪಾಚಿ ಆಹಾರ ತಯಾರಿಸಲು ಶುರು ಮಾಡುತ್ತದೆ. ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನದ ಹೊತ್ತಿಗೆ ನೀರು ಸಾಮಾನ್ಯವಾಗಿ ಹಿಡಿದಿಟ್ಟುಕೊಳ್ಳುವುದಕ್ಕಿಂತ ಹೆಚ್ಚು ಆಮ್ಲಜನಕ ತುಂಬಿರುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಇಲ್ಲಿನ ನೀರು ಹಿಡಿಯುವುದು 7.4ರ ಆಸುಪಾಸು. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ 10, 12 ಸಿಕ್ಕರೂ ಆಶ್ಚರ್ಯವಿಲ್ಲ. ಕಾಗದದ ಮೇಲೆ ಇದು ಬಹಳ ಒಳ್ಳೆಯ ಅಂಕಿ.

ಸೂರ್ಯ ಮುಳುಗಿದ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ. ಬೆಳಕಿಲ್ಲದೆ ಪಾಚಿ ಆಮ್ಲಜನಕ ಬಿಡುವುದಿಲ್ಲ, ಉಸಿರಾಟಕ್ಕೆ ಅದೇ ಆಮ್ಲಜನಕವನ್ನು ಬಳಸುತ್ತದೆ. ಜೊತೆಗೆ ಮೀನು ಉಸಿರಾಡುತ್ತವೆ. ಹೂಳಿನಲ್ಲಿರುವ ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತಾ ಆಮ್ಲಜನಕ ಹೀರುತ್ತವೆ. ರಾತ್ರಿಯಿಡೀ ಖರ್ಚು ಮಾತ್ರ ನಡೆಯುತ್ತದೆ. ಗಾಳಿಯಿಂದ ಅಷ್ಟಿಷ್ಟು ಸೇರುವುದು ಬಿಟ್ಟರೆ ಬೇರೆ ಆದಾಯವಿಲ್ಲ. ಗಾಳಿ ನಿಂತ ಬೇಸಿಗೆಯ ರಾತ್ರಿಯಲ್ಲಿ ಅದೂ ಇಲ್ಲ. ಬೆಳಗಿನ ಜಾವ ನಾಲ್ಕೈದು ಗಂಟೆಗೆ ಆಮ್ಲಜನಕ 2ಕ್ಕಿಂತ ಕೆಳಗೆ, ಕೆಲವೊಮ್ಮೆ ಸೊನ್ನೆಯ ಹತ್ತಿರ ಬಂದಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತವೆ. ಸತ್ತ ಮೀನನ್ನು ಬೆಳಗಿನ ವಾಕಿಂಗಿಗೆ ಬಂದವರೇ ಮೊದಲು ನೋಡುವುದಕ್ಕೆ ಕಾರಣ ಇದೇ.

ಮಾದರಿ ತೆಗೆಯುವವರು ಕೆರೆಗೆ ಬರುವುದು ಕಚೇರಿ ಸಮಯದಲ್ಲಿ. ಹನ್ನೊಂದು ಗಂಟೆಗೆ ಬಾಟಲಿ ಮುಳುಗಿಸಿದರೆ ಸಿಗುವುದು ಹನ್ನೊಂದು ಗಂಟೆಯ ಆಮ್ಲಜನಕ. ಅವರು ತಪ್ಪೇನೂ ಮಾಡಿಲ್ಲ. ಆದರೆ ಮೀನು ಸತ್ತದ್ದು ಐದು ಗಂಟೆಗೆ. ಪಾಚಿ ಜಾಸ್ತಿ ಇದ್ದಷ್ಟೂ ಹಗಲಿನ ಅಂಕಿ ಚೆನ್ನಾಗಿ ಕಾಣುತ್ತದೆ, ರಾತ್ರಿಯ ಅಂಕಿ ಕುಸಿಯುತ್ತದೆ. ಹಗಲಿನಲ್ಲಿ ಮಾತ್ರ ಅಳೆದರೆ ಹೆಚ್ಚು ಕೆಟ್ಟ ಕೆರೆ ಹೆಚ್ಚು ಒಳ್ಳೆಯದಾಗಿ ತೋರಬಹುದು. ನನಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕಳವಳದ ವಿಷಯ ಅನ್ನಿಸುವುದು ಇದೇ.

ಅಮೋನಿಯಾದ ಲೆಕ್ಕ

ಅಮೋನಿಯಾದ ವಿಷಯದಲ್ಲೂ ಗಂಟೆಗೆ ಮಹತ್ವ ಇದೆ, ಆದರೆ ತಿರುಗುಮುರುಗಾಗಿ. ಚರಂಡಿ ನೀರಿನೊಡನೆ ಬರುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು ಅಷ್ಟಾಗಿ ಹಾನಿ ಮಾಡದ ಅಮೋನಿಯಂ. ಇನ್ನೊಂದು ಮೀನಿನ ಕಿವಿರುಗಳನ್ನು ಹಾಳು ಮಾಡುವ ಮುಕ್ತ ಅಮೋನಿಯಾ. ಯಾವುದು ಎಷ್ಟಿರುತ್ತದೆ ಎಂಬುದನ್ನು ಪಿಎಚ್ ಮತ್ತು ನೀರಿನ ಬಿಸಿ ತೀರ್ಮಾನಿಸುತ್ತವೆ.

ಒಂದು ಕೆರೆಯಲ್ಲಿ ಒಟ್ಟು ಅಮೋನಿಯಾ ಲೀಟರಿಗೆ 4 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳೋಣ. ನೀರಿನ ಬಿಸಿ 25 ಡಿಗ್ರಿ. ಪಿಎಚ್ 7.5 ಇದ್ದಾಗ ಅದರಲ್ಲಿ ಮುಕ್ತ ರೂಪದಲ್ಲಿರುವುದು ಶೇ. 2ಕ್ಕಿಂತ ಕಡಿಮೆ, ಅಂದರೆ 0.07 ಮಿಲಿಗ್ರಾಂ. ಪಿಎಚ್ 9ಕ್ಕೆ ಏರಿದರೆ ಅದೇ ನೀರಿನಲ್ಲಿ ಶೇ. 36ರಷ್ಟು ಮುಕ್ತವಾಗುತ್ತದೆ, ಅಂದರೆ 1.4 ಮಿಲಿಗ್ರಾಂ. ಹೊಸದಾಗಿ ಒಂದು ತೊಟ್ಟು ಕೊಳಚೆಯೂ ಸೇರದೆ ಕೆರೆ ‘ಡಿ’ ಮಿತಿಯನ್ನು ದಾಟಿತು. ಪಾಚಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಾಗ ಪಿಎಚ್ ಏರುತ್ತದೆ, ಹಾಗಾಗಿ ಇದು ಮಧ್ಯಾಹ್ನದ ಅಪಾಯ. ಹಗಲಲ್ಲಿ ಅಮೋನಿಯಾ, ರಾತ್ರಿ ಉಸಿರುಗಟ್ಟು. ಮೀನಿಗೆ ಬಿಡುವೇ ಇಲ್ಲ.

1.2 ಎಂಬ ಮಿತಿಯೂ ಸಡಿಲವಾದದ್ದು. ಯುರೋಪಿನ ಒಕ್ಕೂಟ ಸಿಹಿನೀರಿನ ಮೀನುಗಳಿಗಾಗಿ ಮಾಡಿದ್ದ ನಿಯಮದಲ್ಲಿ ಮುಕ್ತ ಅಮೋನಿಯಾ ಮಿತಿ 0.025 ಮಿಲಿಗ್ರಾಂ ಇತ್ತು. ನಮ್ಮ ಮೀನುಗಳು ಬೆಚ್ಚಗಿನ ನೀರಿಗೆ ಹೊಂದಿಕೊಂಡವು, ಕೆಲವು ಗಟ್ಟಿ ಜಾತಿಯವು, ಒಪ್ಪೋಣ. ಆದರೂ ಎರಡು ಮಿತಿಗಳ ನಡುವೆ ಸುಮಾರು ಐವತ್ತು ಪಟ್ಟು ಅಂತರವಿದೆ.

ಮೊದಲ ಮಳೆ ಯಾಕೆ ಕೊಲ್ಲುತ್ತದೆ

ಮಳೆ ಬಂದರೆ ಕೆರೆಗೆ ಒಳ್ಳೆಯದು ಎಂದು ನಂಬಿ ಬೆಳೆದವರು ನಾವು. ಹಾಗಾಗಿ ಬೇಸಿಗೆಯ ಮೊದಲ ಮಳೆಯ ಮರುದಿನ ಮೀನು ಸತ್ತರೆ ಏನೂ ಅರ್ಥವಾಗುವುದಿಲ್ಲ. ನಾಲ್ಕೈದು ತಿಂಗಳು ರಾಜಕಾಲುವೆಯಲ್ಲಿ ಕೂತಿದ್ದ ಕೆಸರು, ರಸ್ತೆಯ ಎಣ್ಣೆ, ಕಸದ ರಸ ಎಲ್ಲ ಒಂದೇ ಗಂಟೆಯಲ್ಲಿ ಕೆರೆಗೆ ನುಗ್ಗುತ್ತವೆ. ಅದನ್ನು ಕೊಳೆಸಲು ಬ್ಯಾಕ್ಟೀರಿಯಾ ಆಮ್ಲಜನಕ ಹೀರುತ್ತವೆ. ನುಗ್ಗಿದ ನೀರು ತಳದ ಹೂಳನ್ನು ಕಲಕಿ, ಅಲ್ಲಿದ್ದ ಆಮ್ಲಜನಕವಿಲ್ಲದ ನೀರನ್ನು ಮೇಲೆ ತರುತ್ತದೆ. ಮರುದಿನ ಮೋಡ ಮುಚ್ಚಿದ್ದರೆ ಪಾಚಿಗೆ ಬಿಸಿಲಿಲ್ಲ, ಹಗಲಿನ ಆದಾಯವೂ ನಿಂತಿತು. ಬೇಸಿಗೆಯಲ್ಲಿ ಕೆರೆಯ ನೀರೂ ತಗ್ಗಿರುತ್ತದೆ, ಬಂದ ಕೊಳೆ ತೆಳುವಾಗಲು ಜಾಗವಿಲ್ಲ.

‘ಆಮ್ಲಜನಕದ ಕೊರತೆ’ ಮತ್ತು ‘ಕೊಳಚೆ’

ಪ್ರತಿ ಸಲ ಮೀನು ಸತ್ತಾಗಲೂ ವಾದ ಒಂದೇ ಜಾಡಿನಲ್ಲಿ ನಡೆಯುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತಾಗ ಇಡೀ ನಗರ ಇದೇ ಚರ್ಚೆ ಮಾಡಿತು. ಆಮ್ಲಜನಕ ಕಡಿಮೆಯಾಗಿ ಸತ್ತವು, ಬಿಸಿಲಿನ ಪರಿಣಾಮ ಎಂಬುದು ಕೆರೆ ನೋಡಿಕೊಳ್ಳುವವರ ಕಡೆಯಿಂದ ಸಾಮಾನ್ಯವಾಗಿ ಬರುವ ವಿವರಣೆ. ಚರಂಡಿ ನೀರು ಬಿಟ್ಟಿದ್ದೇ ಕಾರಣ ಎಂಬುದು ಸುತ್ತಲಿನ ನಿವಾಸಿಗಳ ವಾದ. ಗುತ್ತಿಗೆ ಹಿಡಿದು ಮೀನುಮರಿ ಬಿಟ್ಟವರಿಗೆ ಒಂದು ವರ್ಷದ ದುಡಿಮೆ ಹೋಗಿರುತ್ತದೆ. ಅವರು ಪರಿಹಾರ ಕೇಳುತ್ತಾರೆ.

ಮೊದಲೆರಡು ವಾದಗಳು ಎದುರುಬದುರಾಗಿ ಕಂಡರೂ ಅವು ಒಂದೇ ಸರಪಳಿಯ ಎರಡು ಕೊಂಡಿಗಳು. ಕೊಳಚೆಯಿಂದ ಗೊಬ್ಬರ, ಗೊಬ್ಬರದಿಂದ ಪಾಚಿ, ಪಾಚಿಯಿಂದ ರಾತ್ರಿಯ ಆಮ್ಲಜನಕ ಕುಸಿತ, ಕುಸಿತದಿಂದ ಸಾವು. ಆಮ್ಲಜನಕ ಕಡಿಮೆಯಾಯಿತು ಎನ್ನುವುದು ಉಸಿರು ನಿಂತು ಸತ್ತ ಅಂದ ಹಾಗೆ. ನಿಜ, ಆದರೆ ರೋಗ ಯಾವುದೆಂದು ಅದು ಹೇಳುವುದಿಲ್ಲ. ಬಿಸಿಲು ಪ್ರತಿ ವರ್ಷವೂ, ಪ್ರತಿ ಕೆರೆಯ ಮೇಲೂ ಬೀಳುತ್ತದೆ. ಸಾಯುವುದು ಕೆಲವು ಕೆರೆಗಳ ಮೀನು ಮಾತ್ರ.

ಮಂಡಳಿಯ ಕಡೆಯಿಂದಲೂ ಯೋಚಿಸಬೇಕು. ನೂರಕ್ಕೂ ಹೆಚ್ಚು ಕೆರೆಗಳಿಂದ ತಿಂಗಳು ತಿಂಗಳು ಮಾದರಿ ತಂದು ಪರೀಕ್ಷೆ ಮಾಡುವುದು ಸಣ್ಣ ಕೆಲಸವಲ್ಲ. ಆಮ್ಲಜನಕದ ಮಾದರಿಗೆ ಕೆರೆಯ ದಡದಲ್ಲೇ ರಾಸಾಯನಿಕ ಹಾಕಿ ಭದ್ರಪಡಿಸಬೇಕು, ಇಲ್ಲವಾದರೆ ಪ್ರಯೋಗಾಲಯ ಮುಟ್ಟುವಷ್ಟರಲ್ಲಿ ಅಂಕಿ ಬದಲಾಗುತ್ತದೆ. ಎಲ್ಲ ಕಡೆ ಒಂದೇ ಪದ್ಧತಿ ಇದ್ದರೆ ಕೆರೆಗಳನ್ನು, ವರ್ಷಗಳನ್ನು ಹೋಲಿಸಬಹುದು. ಈ ದಾಖಲೆಗೆ ಬೆಲೆ ಇದೆ. ಕೆರೆಯೊಂದು ಸತತವಾಗಿ ‘ಇ’ಯಲ್ಲೇ ಇದ್ದರೆ ಅಲ್ಲಿ ಏನೋ ಕೆಟ್ಟಿದೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಸುಮ್ನೆ ಆ ವರದಿಯನ್ನು ತಳ್ಳಿಹಾಕುವುದು ಸರಿಯಲ್ಲ. ‘ಡಿ’ ಇದೆಯಲ್ಲ, ಎಲ್ಲ ಸರಿಯಿದೆ ಎಂದು ಅದನ್ನು ತೋರಿಸುವುದು ಇನ್ನೂ ದೊಡ್ಡ ತಪ್ಪು.

ಹೂಳಿನಲ್ಲಿರುವ ಹಳೇ ಸಾಲ

ಕೊಳಚೆ ನಿಲ್ಲಿಸಿದರೆ ಕೆರೆ ತಕ್ಷಣ ಸರಿಹೋಗುತ್ತದೆಯೇ? ಇಲ್ಲ. ಅಷ್ಟು ವರ್ಷ ಬಂದ ರಂಜಕ ಹೂಳಿನಲ್ಲಿ ಕೂತಿರುತ್ತದೆ. ತಳದಲ್ಲಿ ಆಮ್ಲಜನಕ ಇರುವ ತನಕ ಅಲ್ಲಿನ ಕಬ್ಬಿಣ ಆ ರಂಜಕವನ್ನು ಹಿಡಿದಿಟ್ಟಿರುತ್ತದೆ. ಆಮ್ಲಜನಕ ಹೋದರೆ ಕಬ್ಬಿಣದ ಹಿಡಿತ ಸಡಿಲವಾಗಿ ರಂಜಕ ಮತ್ತೆ ನೀರಿಗೆ ಬರುತ್ತದೆ. ಆಳದ ಸರೋವರದಲ್ಲಿ ಅದು ತಿಂಗಳುಗಟ್ಟಲೆ ಕೆಳಗೇ ಉಳಿಯಬಹುದು. ನಮ್ಮ ಕೆರೆಗಳಲ್ಲಿ ಒಂದು ಸಂಜೆಯ ಗಾಳಿ ಸಾಕು, ಮೇಲೆ ಬಿಸಿಲು ಬೀಳುವ ಜಾಗಕ್ಕೆ ತಂದುಬಿಡುತ್ತದೆ.

ಮುಖ್ಯವಾಗಿ ಯುರೋಪ್ ಮತ್ತು ಉತ್ತರ ಅಮೆರಿಕದ 35 ಸರೋವರಗಳ ದೀರ್ಘಕಾಲದ ದಾಖಲೆಗಳನ್ನು ಒಟ್ಟಿಗೆ ನೋಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಹೊರಗಿನ ಕೊಳಚೆ ನಿಲ್ಲಿಸಿದ ಮೇಲೂ ನೀರಿನ ರಂಜಕ ಹೊಸ ಮಟ್ಟಕ್ಕೆ ಇಳಿದು ನಿಲ್ಲಲು ಹೆಚ್ಚಿನ ಕಡೆ 10ರಿಂದ 15 ವರ್ಷ ಹಿಡಿದಿತ್ತು. ಅಂದಮೇಲೆ ಕೆರೆ ಅಭಿವೃದ್ಧಿ ಮುಗಿದ ಮೂರನೇ ತಿಂಗಳಿಗೆ ನೀರು ಹಸಿರಾದರೆ ಕಾಮಗಾರಿಯೇ ವ್ಯರ್ಥ ಎನ್ನಲಾಗದು. ಹಾಗೆಯೇ ಮೂರನೇ ತಿಂಗಳಿಗೆ ನೀರು ತಿಳಿಯಾಗಿದೆ ಎಂದು ಗೆದ್ದೆವು ಎನ್ನಲೂ ಆಗದು.

ತಿಳಿ ಕೆರೆ, ಹಸಿರು ಕೆರೆ

ಡಚ್ ವಿಜ್ಞಾನಿ ಮಾರ್ಟೆನ್ ಶೆಫರ್ ಮತ್ತು ಸಂಗಡಿಗರು 1993ರಲ್ಲಿ ಆಳವಿಲ್ಲದ ಕೆರೆಗಳ ಒಂದು ಗುಣವನ್ನು ವಿವರಿಸಿದರು. ಇಂಥ ಕೆರೆಗೆ ಎರಡು ಸ್ಥಿತಿಗಳಿವೆ. ಒಂದರಲ್ಲಿ ನೀರು ತಿಳಿ, ತಳದಲ್ಲಿ ಗಿಡಗಳಿರುತ್ತವೆ. ಗಿಡದ ಬೇರು ಹೂಳನ್ನು ಹಿಡಿದಿಡುತ್ತದೆ, ಗಿಡದ ನಡುವೆ ಪಾಚಿ ತಿನ್ನುವ ಸಣ್ಣ ಜೀವಿಗಳು ಅಡಗಿ ಬದುಕುತ್ತವೆ, ಹಾಗಾಗಿ ನೀರು ತಿಳಿಯಾಗಿಯೇ ಉಳಿಯುತ್ತದೆ. ಇನ್ನೊಂದರಲ್ಲಿ ನೀರು ಹಸಿರು. ಪಾಚಿಯಿಂದ ತಳಕ್ಕೆ ಬೆಳಕಿಲ್ಲ, ಬೆಳಕಿಲ್ಲದೆ ಗಿಡ ಇಲ್ಲ, ಗಿಡ ಇಲ್ಲದೆ ಹೂಳು ಕಲಕುತ್ತದೆ, ಅದರಿಂದ ಇನ್ನಷ್ಟು ಪಾಚಿ. ಎರಡೂ ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತವೆ. ತಿಳಿಯಿಂದ ಹಸಿರಿಗೆ ಜಾರುವುದು ಸುಲಭ, ಮರಳಿ ಬರುವುದು ಕಷ್ಟ.

ನಮ್ಮ ಕೆರೆಗಳಲ್ಲಿ ಈ ಜಾರುವಿಕೆಗೆ ಮೀನು ಬಿಡುವ ರೀತಿಯೂ ಕೈಜೋಡಿಸುತ್ತದೆ. ಗುತ್ತಿಗೆಯ ಕೆರೆಗೆ ಬಿಡುವ ಮರಿಗಳಲ್ಲಿ ಕಾಟ್ಲಾ, ರೋಹು ಜೊತೆಗೆ ಸಾಮಾನ್ಯ ಗೆಂಡೆ ಮತ್ತು ಹುಲ್ಲುಗೆಂಡೆಯೂ ಇರುತ್ತವೆ. ಸಾಮಾನ್ಯ ಗೆಂಡೆ ತಳದ ಕೆಸರನ್ನು ಬಾಯಿಂದ ಅಗೆದು ಆಹಾರ ಹುಡುಕುತ್ತದೆ. ಹುಲ್ಲುಗೆಂಡೆ ನೀರೊಳಗಿನ ಗಿಡಗಳನ್ನೇ ತಿನ್ನುತ್ತದೆ. ಒಂದು ಹೂಳೆಬ್ಬಿಸುತ್ತದೆ, ಇನ್ನೊಂದು ಹೂಳು ಹಿಡಿದಿಟ್ಟ ಗಿಡ ತೆಗೆಯುತ್ತದೆ. ಲೆಕ್ಕವಿಲ್ಲದೆ ಬಿಟ್ಟರೆ ಹಸಿರು ಸ್ಥಿತಿಗೆ ಇವೇ ದಾರಿ ಮಾಡುತ್ತವೆ. ಮೀನು ಬಿಡಲೇಬಾರದು ಎಂದು ಇದರ ಅರ್ಥವಲ್ಲ, ಅದನ್ನೇ ನಂಬಿದ ಕುಟುಂಬಗಳಿವೆ. ಯಾವ ಮೀನು, ಎಷ್ಟು ಎಂಬುದನ್ನು ಕೆರೆಯ ಸ್ಥಿತಿ ನೋಡಿ ನಿರ್ಧರಿಸಬೇಕು.

ಯುರೋಪಿನಲ್ಲಿ ಕೆಲವು ಮೀನುಗಳನ್ನು ಹಿಡಿದು ತೆಗೆದು ಕೆರೆಯನ್ನು ತಿಳಿ ಸ್ಥಿತಿಗೆ ತಂದ ಉದಾಹರಣೆಗಳಿವೆ. ಅದನ್ನು ಇಲ್ಲಿಗೆ ಹಾಗೇ ತರಲಾಗದು. ನಮ್ಮ ಬೆಚ್ಚಗಿನ ನೀರಿನಲ್ಲಿ ಜಿಲೇಬಿ ಮೀನಿನಂಥವು (ತಿಲಾಪಿಯಾ) ವರ್ಷವಿಡೀ ಮರಿ ಮಾಡುತ್ತವೆ. ಇವತ್ತು ತೆಗೆದ ಜಾಗ ನಾಳೆ ತುಂಬುತ್ತದೆ.

ಜೀವಿಗಳೇ ಕೊಡುವ ಉತ್ತರ

ಬಾಟಲಿ ನೀರು ಆ ಗಳಿಗೆಯದನ್ನು ಮಾತ್ರ ಹೇಳುತ್ತದೆ. ತಳದಲ್ಲಿ ತಿಂಗಳುಗಟ್ಟಲೆ ವಾಸಿಸುವ ಹುಳ ಹಾಗಲ್ಲ. ಕಳೆದ ವಾರ ಒಂದೇ ರಾತ್ರಿ ಆಮ್ಲಜನಕ ಹೋಗಿದ್ದರೂ ಅದನ್ನು ತಾಳಲಾರದ ಜೀವಿಗಳು ಅಲ್ಲಿಂದ ಮಾಯವಾಗಿರುತ್ತವೆ. ಕೆರೆಯ ಆರೋಗ್ಯ ನೋಡುವವರು ಬಲೆಯಲ್ಲಿ ಹೂಳು ಜಾಲಾಡಿ ಯಾರು ಇದ್ದಾರೆ, ಯಾರು ಇಲ್ಲ ಎಂದು ನೋಡುವುದು ಇದಕ್ಕೇ.

ಕೆಂಪು ಬಣ್ಣದ, ಎಳೆಯಂಥ ಹುಳುಗಳು ಮಾತ್ರ ರಾಶಿ ರಾಶಿ ಸಿಕ್ಕರೆ ಅದು ಕೆಟ್ಟ ಸುದ್ದಿ. ಅವು ಕಚ್ಚದ ಒಂದು ಬಗೆಯ ನೊಣದ ಮರಿಗಳು. ನಮ್ಮ ರಕ್ತದ ಹಾಗೆ ಅವುಗಳಲ್ಲೂ ಹಿಮೋಗ್ಲೋಬಿನ್ ಇದೆ, ಅದಕ್ಕೇ ಕೆಂಪು. ಬಹಳ ಕಡಿಮೆ ಆಮ್ಲಜನಕದಲ್ಲೂ ಅವು ಬದುಕಬಲ್ಲವು. ಅವುಗಳ ಜೊತೆಗೆ ಬಗೆಬಗೆಯ ಬಸವನಹುಳು, ನೀರು ತಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿಗಳೂ ಇದ್ದರೆ ಕೆರೆಗೆ ಇನ್ನೂ ಉಸಿರಿದೆ ಎಂದರ್ಥ. ಬ್ರಿಟನ್ನಿನಲ್ಲಿ ಇಂಥ ಜೀವಿಗಳ ಒಂದೊಂದು ಕುಟುಂಬಕ್ಕೂ 1ರಿಂದ 10ರವರೆಗೆ ಅಂಕ ಕೊಡುವ ಪದ್ಧತಿ ಬೆಳೆಯಿತು. ನಮ್ಮ ಕೇಂದ್ರ ಮಂಡಳಿಯೂ ಅದನ್ನು ಹೊಂದಿಸಿಕೊಂಡು ಜೈವಿಕ ಮಾಪನವೊಂದನ್ನು ರೂಪಿಸಿದೆ. ಆದರೆ ನಮ್ಮ ಮುಂದೆ ಬರುವ ‘ಡಿ’, ‘ಇ’ ಪಟ್ಟಿಯಲ್ಲಿ ಅದರ ನೆರಳೂ ಕಾಣುವುದಿಲ್ಲ.

ಈ ಪದ್ಧತಿಗೂ ಮಿತಿ ಇದೆ. ಅದು ಹುಟ್ಟಿದ್ದು ತಣ್ಣಗೆ ಹರಿಯುವ ನದಿಗಳಿಗಾಗಿ. ಅಲ್ಲಿ ಹತ್ತು ಅಂಕ ಪಡೆಯುವ ಹಲವು ಹುಳುಗಳು ನಿಂತ, ಬೆಚ್ಚಗಿನ ಕೆರೆಯಲ್ಲಿ ಎಷ್ಟೇ ಶುದ್ಧವಿದ್ದರೂ ಸಿಗುವುದಿಲ್ಲ. ಚೆನ್ನಾಗಿರುವ ನಮ್ಮದೇ ಕೆರೆಗಳನ್ನು ಅಳತೆಗೋಲಾಗಿ ಇಟ್ಟುಕೊಂಡು ಅಂಕಗಳನ್ನು ಹೊಸದಾಗಿ ಹೊಂದಿಸಬೇಕು. ಕೀಟ ಗುರುತಿಸಬಲ್ಲ ಜನರೂ ಬೇಕು. ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇರಲಾರದು.

ಇದಕ್ಕೂ ಸುಲಭದ ಸಾಧನ ಒಂದಿದೆ. ಕಪ್ಪು ಬಿಳುಪು ಬಣ್ಣ ಬಳಿದ, 20 ಸೆಂಟಿಮೀಟರ್ ಅಗಲದ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಯಾವ ಆಳದಲ್ಲಿ ಅದು ಕಣ್ಮರೆಯಾಗುತ್ತದೆ ಎಂದು ನೋಡುವುದು. ಇಟಲಿಯ ಪಾದ್ರಿ ಮತ್ತು ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ತಟ್ಟೆ ಇಳಿಬಿಡುವ ಈ ವಿಧಾನವನ್ನು ಸಮುದ್ರದಲ್ಲಿ ಬಳಸಿದರು. ಇಂದಿಗೂ ಜಗತ್ತಿನಾದ್ಯಂತ ಅದೇ ನಡೆಯುತ್ತಿದೆ. ವಾರಕ್ಕೊಮ್ಮೆ ಇದನ್ನು ಬರೆದಿಟ್ಟರೆ ಕೆರೆ ತಿಳಿಯ ಕಡೆ ಹೋಗುತ್ತಿದೆಯೋ, ಹಸಿರಿನ ಕಡೆ ಜಾರುತ್ತಿದೆಯೋ ತಿಳಿಯುತ್ತದೆ.

ಹಕ್ಕಿ ಬಂದರೆ ಕೆರೆ ಚೆನ್ನಾಗಿದೆಯೇ?

ಕೆರೆಯ ಪರವಾಗಿ ಬಹಳ ಸಲ ಹಕ್ಕಿಗಳನ್ನು ಸಾಕ್ಷಿಗೆ ಕರೆಯುತ್ತಾರೆ. ಹಕ್ಕಿ ಬರುವುದು ಊಟಕ್ಕೆ. ಕೊಳಚೆಯ ಕೆಸರಿನಲ್ಲಿ ಕೆಂಪು ಹುಳು ತುಂಬಿದ್ದರೆ ಮೆಟ್ಟುಗಾಲು ಹಕ್ಕಿಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಮೀನು ಉಸಿರುಗಟ್ಟಿ ಮೇಲೆ ಬಂದಾಗ ಕೊಕ್ಕರೆಗಳಿಗೆ ಹಬ್ಬ. ಎಷ್ಟು ಹಕ್ಕಿ ಎಂಬುದಕ್ಕಿಂತ ಯಾವ ಹಕ್ಕಿ ಎಂಬುದನ್ನು ನೋಡಬೇಕು. ಮೇಲಿಂದ ನೋಡಿ ಧುಮುಕುವ ಮಿಂಚುಳ್ಳಿಗೆ ನೀರು ತಿಳಿಯಾಗಿರಬೇಕು.

ಮೀನಿನ ವಿಷಯದಲ್ಲೂ ಅಷ್ಟೇ. ಕೊರವ, ಕ್ಯಾಟ್‌ಫಿಶ್‌ಗಳಂಥವು ನೀರಿನ ಮೇಲೆ ಬಂದು ನೇರವಾಗಿ ಗಾಳಿ ಎಳೆದುಕೊಳ್ಳುತ್ತವೆ. ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಎಂಥ ಕೊಳಚೆಯಲ್ಲೂ ಬದುಕುವುದು ಹೀಗೆ. ಕೆರೆಯಲ್ಲಿ ಮೀನಿದೆ ಎಂದರೆ ನೀರಿನಲ್ಲಿ ಆಮ್ಲಜನಕ ಇದೆ ಎಂದೇನೂ ಅಲ್ಲ.

ತಪ್ಪು ಅಳತೆ, ತಪ್ಪು ಮದ್ದು

ಇದೆಲ್ಲ ವಿಜ್ಞಾನಿಗಳ ಚರ್ಚೆ, ನಮಗೇನು ಎನ್ನಿಸಬಹುದು. ಆದರೆ ಅಳತೆ ತಪ್ಪಿದರೆ ಹಣ ತಪ್ಪು ಜಾಗಕ್ಕೆ ಹೋಗುತ್ತದೆ. ಆಮ್ಲಜನಕ ಕಡಿಮೆ ಎಂದು ಮಾತ್ರ ಬರೆದರೆ ಕಾರಂಜಿ, ನೀರಿಗೆ ಗಾಳಿ ಸೇರಿಸುವ ಏರೇಟರ್ ತರುತ್ತಾರೆ. ಕಷ್ಟದ ರಾತ್ರಿಗಳಲ್ಲಿ ಏರೇಟರಿನ ಸುತ್ತ ಒಂದಷ್ಟು ಮೀನು ಉಳಿಯುತ್ತವೆ, ಅದೂ ರಾತ್ರಿ ಓಡಿಸಿದರೆ. ನೋಡಲು ಚಂದ ಎಂದು ಸಂಜೆ ಮಾತ್ರ ಕಾರಂಜಿ ಹಾರಿಸಿ ಒಂಬತ್ತು ಗಂಟೆಗೆ ನಿಲ್ಲಿಸಿದರೆ ಮೀನಿಗೆ ಬೇಕಾದ ಹೊತ್ತಿಗೆ ಅದು ಇಲ್ಲ. ಹೂಳು ಎಂದು ಮಾತ್ರ ಬರೆದರೆ ಜೆಸಿಬಿ ಇಳಿಸಿ ಅಂಚಿನ ಜೊಂಡನ್ನೂ ಸೇರಿಸಿ ಬಟ್ಟಲಿನ ಹಾಗೆ ಅಗೆಯುತ್ತಾರೆ. ರಂಜಕ ತುಂಬಿದ ಹೂಳು ಹೋಗುವುದು ಲಾಭವೇ. ಆದರೆ ಮೀನು ಮೊಟ್ಟೆಯಿಡುವ, ಗೊಬ್ಬರ ಹೀರುವ ಅಂಚೂ ಅದರ ಜೊತೆ ಹೋಗುತ್ತದೆ.

ಕೊಳಚೆಯನ್ನು ತಡೆಯದೆ ಬಿಟ್ಟದ್ದರ ಬೆಲೆ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಎಲ್ಲರಿಗೂ ಕಂಡಿತು. ಸುಮಾರು 900 ಎಕರೆಯ ಆ ಕೆರೆಯ ಕೋಡಿಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು. 2018ರ ಜನವರಿಯಲ್ಲಿ ಹೊತ್ತಿದ ಬೆಂಕಿ ಆರಿಸಲು ಸಾವಿರಾರು ಸೈನಿಕರು ಬರಬೇಕಾಯಿತು. ಅದೇ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು.

ಶುದ್ಧೀಕರಿಸಿದ ನೀರನ್ನೇ ಬಿಟ್ಟರೆ ಆಯಿತಲ್ವಾ ಎಂಬ ಪ್ರಶ್ನೆಗೂ ಉತ್ತರ ರಂಜಕದಲ್ಲೇ ಇದೆ. 2017ರ ಕೇಂದ್ರದ ಅಧಿಸೂಚನೆ ಶುದ್ಧೀಕರಣ ಘಟಕಗಳಿಗೆ ಮಹಾನಗರಗಳಲ್ಲಿ ಬಿಒಡಿ 20ರ ಮಿತಿ ಇಟ್ಟಿತು, ರಂಜಕದ ಮಿತಿ ಇಡಲಿಲ್ಲ. 2019ರಲ್ಲಿ ಹಸಿರು ನ್ಯಾಯಮಂಡಳಿ ಬಿಗಿ ಮಾಡಿ ಬಿಒಡಿ 10, ಕೆರೆಗೆ ಬಿಡುವ ನೀರಿನಲ್ಲಿ ರಂಜಕ 1 ಮಿಲಿಗ್ರಾಂ ಎಂದಿತು. ಹಿಂದಿಗಿಂತ ಎಷ್ಟೋ ಮೇಲು. ಆದರೆ ಕೆರೆಯ ನೀರಿನಲ್ಲಿ ರಂಜಕ 0.1 ಮಿಲಿಗ್ರಾಂ ದಾಟಿದರೆ ಅದನ್ನು ಅತಿಯಾಗಿ ಗೊಬ್ಬರಗೊಂಡ ಕೆರೆ ಎಂದು ವಿಜ್ಞಾನಿಗಳು ಎಣಿಸುತ್ತಾರೆ. ಅತ್ಯಂತ ಬಿಗಿಯಾದ ನಿಯಮ ಪಾಲಿಸಿ ಬಿಟ್ಟ ನೀರೂ ಅದರ ಹತ್ತು ಪಟ್ಟು. ಮಳೆನೀರು ಬಿಟ್ಟರೆ ಅದೊಂದೇ ಒಳಹರಿವು ಆಗಿರುವ ಕೆರೆ ಹಸಿರುಗಟ್ಟದೆ ಇರುವುದು ಕಷ್ಟ.

ಜಕ್ಕೂರಿನಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಶುದ್ಧೀಕರಣ ಘಟಕದಿಂದ ಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹರಿದು, ಅಲ್ಲಿ ಒಂದಷ್ಟು ಗೊಬ್ಬರ ಕಳೆದುಕೊಂಡು ಮುಂದೆ ಹೋಗುತ್ತದೆ. ಅದಕ್ಕೆ ಜಾಗ ಬೇಕು, ಬೆಳೆದ ಜೊಂಡನ್ನು ಕಾಲಕಾಲಕ್ಕೆ ಕತ್ತರಿಸಿ ಹೊರಗೆ ಹಾಕಬೇಕು. ಕತ್ತರಿಸದಿದ್ದರೆ ಹೀರಿದ ಗೊಬ್ಬರ ಅಲ್ಲೇ ಕೊಳೆತು ಮತ್ತೆ ನೀರಿಗೇ ಸೇರುತ್ತದೆ. ಮೇಲಿನಿಂದ ಶುದ್ಧೀಕರಿಸದ ಕೊಳಚೆ ನುಸುಳದಂತೆಯೂ ಕಾಯಬೇಕು.

ಈ ಮಾತು ಬೆಂಗಳೂರಿನಲ್ಲೇ ನಿಲ್ಲುವುದಿಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್. ಒಣಗಿದ್ದ ಕೆರೆ ತುಂಬಿದೆ, ಅಂತರ್ಜಲ ಏರಿದೆ ಎಂಬುದು ಒಂದು ಕಡೆಯ ಮಾತು. ಬತ್ತಿದ ಬೋರ್‌ವೆಲ್ ಮುಂದೆ ಕೂತಿದ್ದ ರೈತರಿಗೆ ಅದು ಸಣ್ಣ ವಿಷಯವಲ್ಲ. ರಂಜಕದಂಥವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಆಗದೆ ಬಿಡಬಾರದು ಎಂಬುದು ಇನ್ನೊಂದು ಕಡೆಯ ಪಟ್ಟು. ಆ ವರ್ಷದ ಜುಲೈನಲ್ಲಿ ನೊರೆ ಕಂಡಮೇಲೆ ಅದು ನ್ಯಾಯಾಲಯಕ್ಕೂ ಹೋಯಿತು. ಅಂತರ್ಜಲ ಏರಿದ್ದೂ ಕೆರೆಯೊಳಗಿನ ಜೀವ ಕುಗ್ಗುವುದೂ ಒಂದೇ ಕಾಲದಲ್ಲಿ ನಡೆಯಬಹುದು. ಒಂದನ್ನು ಅಳೆದು ಇನ್ನೊಂದಕ್ಕೆ ಉತ್ತರ ಕೊಟ್ಟಂತೆ ಮಾತಾಡಿದರೆ ಜಗಳ ಮುಗಿಯುವುದಿಲ್ಲ.

ಮುಂದಿನ ವರದಿ ಬಂದಾಗ

ದರ್ಜೆಯ ಅಕ್ಷರಕ್ಕಿಂತ ಮೊದಲು ನೋಡಬೇಕಾದದ್ದು ಮಾದರಿ ತೆಗೆದ ಗಂಟೆ. ಅದು ದಾಖಲಾಗಿಲ್ಲವಾದರೆ ಕೇಳಿ ಪಡೆಯಬೇಕು. ಆಮೇಲೆ ಬಿಒಡಿ. ಆಮ್ಲಜನಕ 7, 8 ಇದ್ದು ಬಿಒಡಿಯೂ 15, 20 ಇದ್ದರೆ, ಜೊತೆಗೆ ಪಿಎಚ್ 8.5ರ ಮೇಲೆ ಕೂತಿದ್ದರೆ, ಅದು ಪಾಚಿ ತುಂಬಿದ ಕೆರೆಯ ಹಗಲಿನ ಮುಖ ಎಂದು ಬಲವಾಗಿ ಅನುಮಾನಿಸಬಹುದು. ಆ ಕೆರೆಯಲ್ಲಿ ಮಾರ್ಚ್‌ನಿಂದ ಮೊದಲ ಮಳೆಗಳು ಮುಗಿಯುವ ತನಕ ವಾರಕ್ಕೊಮ್ಮೆಯಾದರೂ ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ಅಳೆಯಬೇಕು. ಕೈಯಲ್ಲಿ ಹಿಡಿಯುವ ಮೀಟರಿನಿಂದ ಹತ್ತು ನಿಮಿಷದಲ್ಲಿ ಆಗುವ ಕೆಲಸ ಇದು. ರಾತ್ರಿಯಿಡೀ ನೀರಲ್ಲೇ ಇದ್ದು ತಾನೇ ಬರೆದಿಟ್ಟುಕೊಳ್ಳುವ ಉಪಕರಣಗಳೂ ಇವೆ. ಬೆಳಗಿನ ಅಂಕಿ ದಿನದಿಂದ ದಿನಕ್ಕೆ 4ರಿಂದ 3ಕ್ಕೆ, 3ರಿಂದ 2ಕ್ಕೆ ಇಳಿಯುತ್ತಿದ್ದರೆ ಏರೇಟರನ್ನು ಆ ರಾತ್ರಿಯೇ ಓಡಿಸಬಹುದು. ಗುತ್ತಿಗೆದಾರರಿಗೆ ಮೊದಲೇ ತಿಳಿಸಿ, ಬೆಳೆದ ಮೀನನ್ನು ಹಿಡಿದು ಮಾರಲು ಎರಡು ದಿನ ಕೊಡಬಹುದು. ಮೇಲ್ಭಾಗದಲ್ಲಿ ಯಾವ ಕಾಲುವೆಯಿಂದ ಕೊಳಚೆ ಬರುತ್ತಿದೆ ಎಂದು ಅಷ್ಟರೊಳಗೆ ಹುಡುಕಬಹುದು.